ಕಡಿಮೆ ದುಡ್ಡಿನ ಟಾರ್ಚ್ ಕೊಳ್ಳುವಾಗ ಲುಮೆನ್ ಸಂಖ್ಯೆಯನ್ನು ಕೊನೆಗೆ ನೋಡಿ

ಟಾರ್ಚ್ ಹುಡುಕಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ಲುಮೆನ್ ಸಂಖ್ಯೆ, ಅಂದರೆ ಟಾರ್ಚ್ ಕೊಡುವ ಒಟ್ಟು ಬೆಳಕಿನ ಅಳತೆ. 5,000, 20,000, ಕೆಲವದರ ಮೇಲೆ 1,00,000 ಅಂತಲೂ ಬರೆದಿರುತ್ತದೆ. ಕಾರಿನ ಹೆಡ್‌ಲೈಟ್‌ಗೆ ಹಾಕುವ ಎಚ್7 ಹ್ಯಾಲೊಜನ್ ಬಲ್ಬ್ ಕೊಡುವುದೇ ಸುಮಾರು 1,500 ಲುಮೆನ್. ಅಂಗೈಯಲ್ಲಿ ಹಿಡಿಯುವ ಅಗ್ಗದ ಟಾರ್ಚ್ ಒಂದು ಲಕ್ಷ ಲುಮೆನ್ ಕೊಡುತ್ತದೆ ಅಂದರೆ ನಂಬೋದು ಹೇಗೆ?

ಹಾಗಂತ ಕಡಿಮೆ ದುಡ್ಡಿಗೆ ಒಳ್ಳೆ ಟಾರ್ಚ್ ಸಿಗೋದೇ ಇಲ್ಲ ಅಂತಲ್ಲ, ಧಾರಾಳವಾಗಿ ಸಿಗುತ್ತದೆ. ನೋಡುವ ಕ್ರಮ ಮಾತ್ರ ಬದಲಾಗಬೇಕು. ಮೊದಲು ಒಳಗೆ ಯಾವ ಸೆಲ್ ಇದೆ ನೋಡಿ. ಆಮೇಲೆ ಅದರ ಅತಿ ಕಡಿಮೆ ಬೆಳಕು ಎಷ್ಟು ಕಡಿಮೆ ಅಂತ ನೋಡಿ. ಆಮೇಲೆ ಬೆಳಕು ಅಗಲಕ್ಕೆ ಹರಡುತ್ತದೋ, ದೂರಕ್ಕೆ ಹೋಗುತ್ತದೋ ನೋಡಿ. ಲುಮೆನ್ ಕಟ್ಟಕಡೆಗೆ.

ಸೆಲ್ ನೋಡಿದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ

ಈಗಿನ ಟಾರ್ಚ್‌ಗಳಲ್ಲಿ ಜಾಸ್ತಿ ಕಾಣುವುದು 18650 ಅನ್ನುವ ಲಿಥಿಯಂ ಅಯಾನ್ ಸೆಲ್. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಹೆಸರು ಬಂದದ್ದೇ ಅಲ್ಲಿಂದ. ಈ ಗಾತ್ರದ ಒಳ್ಳೆಯ ಸೆಲ್‌ಗಳು ಹೆಚ್ಚೆಂದರೆ 3,500ರಿಂದ 4,000 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಆಸುಪಾಸಿನಲ್ಲಿ ನಿಲ್ಲುತ್ತವೆ. ಯಾರಾದರೂ ಒಂದೇ 18650 ಸೆಲ್ ಮೇಲೆ 9,900 ಎಂಎಎಚ್ ಅಂತ ಬರೆದಿದ್ದರೆ ಅದು ಹಸಿ ಸುಳ್ಳು. ಅಲ್ಲಿಗೆ ಆ ಟಾರ್ಚ್‌ನ ಲುಮೆನ್, ದೂರ, ನೀರು ತಡೆಯುವ ಮಾತು ಯಾವುದನ್ನೂ ನಂಬಬೇಕಿಲ್ಲ, ಮುಂದಿನದಕ್ಕೆ ಹೋಗಿ. ನನ್ನ ಮಟ್ಟಿಗೆ ಇದಕ್ಕಿಂತ ಸುಲಭದ ಜರಡಿ ಬೇರೆ ಇಲ್ಲ.

ಇನ್ನೊಂದು ಸಣ್ಣ ಲೆಕ್ಕ ಕಲಿತುಕೊಳ್ಳಿ. 3,000 ಎಂಎಎಚ್‌ನ 18650 ಸೆಲ್‌ನಲ್ಲಿ ಇರುವ ಶಕ್ತಿ ಸುಮಾರು 11 ವ್ಯಾಟ್ ಅವರ್. ಚೆನ್ನಾಗಿರುವ ಟಾರ್ಚ್ ಒಂದು ವ್ಯಾಟ್‌ಗೆ ಅಂದಾಜು 100 ಲುಮೆನ್ ಕೊಡುತ್ತದೆ ಅಂದುಕೊಳ್ಳಿ. ಅಂದರೆ 1,000 ಲುಮೆನ್‌ಗೆ 10 ವ್ಯಾಟ್ ಬೇಕು, ಸೆಲ್ ಒಂದು ಗಂಟೆ ಬರುತ್ತದೆ. 300 ಲುಮೆನ್‌ನಲ್ಲಿ ಇಟ್ಟರೆ ಮೂರೂವರೆ ಗಂಟೆ. 100 ಲುಮೆನ್ ಆದರೆ ಹತ್ತು ಗಂಟೆಗೂ ಮೇಲೆ. ಹೀಗಿರುವಾಗ '1,000 ಲುಮೆನ್, 12 ಗಂಟೆ' ಅಂತ ಒಂದೇ ಸಾಲಿನಲ್ಲಿ ಬರೆದಿದ್ದರೆ ಏನೋ ಮಸಲತ್ತು ಇದೆ ಅಂತಲೇ ಅರ್ಥ, ಅಲ್ವಾ?

ಮಸಲತ್ತು ಏನೆಂದರೆ, ಟಾರ್ಚ್ ಅಳೆಯಲು 2009ರಿಂದ ಎಫ್ಎಲ್1 ಅನ್ನುವ ಮಾನದಂಡ ಇದೆ. ಅದರ ಪ್ರಕಾರ ಹಚ್ಚಿ 30 ಸೆಕೆಂಡ್ ಆದಾಗ ಎಷ್ಟು ಬೆಳಕು ಇರುತ್ತದೋ ಅದರ ಶೇ. 10ಕ್ಕೆ ಇಳಿಯುವವರೆಗಿನ ಸಮಯವೇ 'ಬಾಳಿಕೆ'. ಮೊದಲ ಎರಡು ಮೂರು ನಿಮಿಷ ಧಗಧಗ ಉರಿದು, ಬಿಸಿ ತಡೆಯಲಾರದೆ 150 ಲುಮೆನ್‌ಗೆ ಇಳಿದು, ಆಮೇಲೆ ಗಂಟೆಗಟ್ಟಲೆ ಹಾಗೇ ಉರಿದರೂ ಲೆಕ್ಕಕ್ಕೆ ಸೇರುತ್ತದೆ. ನಿಯಮದ ಪ್ರಕಾರ ಅದು ಸುಳ್ಳಲ್ಲ. ಆದರೆ ನಿಮಗೆ ನಿಜವಾಗಿ ಸಿಗುವುದು 150 ಲುಮೆನ್‌ನ ಟಾರ್ಚ್. ಅದಕ್ಕೇ, ಸಮಯ ಕಳೆದಂತೆ ಬೆಳಕು ಎಷ್ಟಾಗುತ್ತದೆ ಅಂತ ತೋರಿಸುವ ಗ್ರಾಫ್ ಹಾಕಿರುವ ಕಂಪನಿಗಳನ್ನು ನಾನು ಸ್ವಲ್ಪ ಜಾಸ್ತಿ ನಂಬುತ್ತೇನೆ.

ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್‌ನ ಟಾರ್ಚ್‌ಗಳನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. ಆ ಸೆಲ್ ಎಲ್ಲಿ ಬೇಕಾದರೂ ಸಿಗುತ್ತದೆ, ಅದೇ ಅದರ ದೊಡ್ಡಸ್ತಿಕೆ. ರೀಚಾರ್ಜ್ ಮಾಡುವ 2,000 ಎಂಎಎಚ್‌ನ ಎಎ ಸೆಲ್ ಒಂದರಿಂದ 100 ಲುಮೆನ್ ಬೆಳಕು ಎರಡು ಗಂಟೆ ಹತ್ತಿರ ಸಿಗುತ್ತದೆ, ಮನೆ ಕೆಲಸಕ್ಕೆ ಇಷ್ಟು ಸಾಕು. ಮಾಮೂಲಿ ಆಲ್ಕಲೈನ್ ಸೆಲ್ ಹಾಕಿ ಮರೆತುಬಿಟ್ಟರೆ ಮಾತ್ರ ಅದು ಸೋರಿ, ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟಿ, ಟಾರ್ಚ್‌ನ ಹೊಟ್ಟೆಯೇ ಹಾಳಾಗುತ್ತದೆ. ಕಪಾಟಿನಲ್ಲಿ ಇಡುವ ಟಾರ್ಚ್‌ಗೆ ಸೆಲ್ ಹಾಕದೆ ಪಕ್ಕದಲ್ಲಿ ಇಡಿ.

ಇಲ್ಲಿ ಒಂದು ಎಚ್ಚರಿಕೆ. 14500 ಅನ್ನುವ ಲಿಥಿಯಂ ಸೆಲ್ ನೋಡಲು ಎಎ ತರಹವೇ ಇರುತ್ತದೆ, ಗಾತ್ರವೂ ಅದೇ. ಆದರೆ ಎಎ ಸೆಲ್ 1.5 ವೋಲ್ಟ್, ಇದು 3.7 ವೋಲ್ಟ್, ಫುಲ್ ಚಾರ್ಜ್ ಆದಾಗ 4.2. ಎರಡೂ ನಡೆಯುತ್ತದೆ ಅಂತ ಸ್ಪಷ್ಟವಾಗಿ ಬರೆದಿರುವ ಟಾರ್ಚ್‌ಗೆ ಮಾತ್ರ ಹಾಕಿ. ಬೇರೆಯದಕ್ಕೆ ಹಾಕಿದರೆ ಸುಟ್ಟುಹೋಗಬಹುದು. ಬಿಡಿ ಲಿಥಿಯಂ ಸೆಲ್‌ಗಳನ್ನು ಬೀಗದ ಕೈ, ಚಿಲ್ಲರೆ ಕಾಸಿನ ಜೊತೆ ಜೇಬಿನಲ್ಲಿ ಹಾಕಿಕೊಳ್ಳಬೇಡಿ, ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದ ಸೆಲ್ ಕೂಡ ಬೇಡ.

ಒಳಗೇ ಬ್ಯಾಟರಿ ಸೇರಿಸಿ ಮುಚ್ಚಿರುವ, ತೆಗೆಯಲು ಬಾರದ ಟಾರ್ಚ್‌ಗಳು ಇನ್ನೂ ಅಗ್ಗ. ಆದರೆ ಬ್ಯಾಟರಿ ಸತ್ತ ದಿನ ಟಾರ್ಚೂ ಸತ್ತಂತೆ. ಕೀಚೈನ್‌ಗೆ ಹಾಕುವ ಪುಟ್ಟದ್ದಾದರೆ ಪರವಾಗಿಲ್ಲ, ಮುಖ್ಯ ಟಾರ್ಚ್‌ಗೆ ಬೇಡ.

ಮಂದ ಬೆಳಕಿಗೇ ಬೆಲೆ ಜಾಸ್ತಿ

ರಾತ್ರಿ ಎದ್ದು ನೀರು ಕುಡಿಯಬೇಕು, ಪಕ್ಕದಲ್ಲಿ ಮಗು ಮಲಗಿದೆ. ಆಗ 1,000 ಲುಮೆನ್ ಯಾರಿಗೆ ಬೇಕು? ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕಾಗುತ್ತದೆ, ಜೋರು ಬೆಳಕು ಅದನ್ನು ಒಂದೇ ಕ್ಷಣಕ್ಕೆ ಕೆಡಿಸುತ್ತದೆ. ಹಾಸಿಗೆ ಪಕ್ಕ ಇಡುವ ಟಾರ್ಚ್‌ನಲ್ಲಿ ಒಂದು ಲುಮೆನ್ ಅಥವಾ ಅದಕ್ಕೂ ಕಡಿಮೆಯ ಹಂತ ಇರಬೇಕು. ಇದನ್ನು ಮೂನ್‌ಲೈಟ್ ಮೋಡ್ ಅನ್ನುತ್ತಾರೆ. ಅದರಲ್ಲಿ ಒಂದೇ ಸೆಲ್ ದಿನಗಟ್ಟಲೆ ಬರುತ್ತದೆ. ತೀರಾ ಅಗ್ಗದ ಟಾರ್ಚ್‌ಗಳಲ್ಲಿ ಮೊದಲು ಇಲ್ಲದಿರುವುದೇ ಇದು.

ಮೇಲಿನ ತುದಿಯಲ್ಲಿ ಲುಮೆನ್‌ಗಾಗಿ ಬಡಿದಾಡುವುದು ವ್ಯರ್ಥ ಅನ್ನಲು ಇನ್ನೊಂದು ಕಾರಣವೂ ಇದೆ. ನಮ್ಮ ಕಣ್ಣಿಗೆ ಬೆಳಕು 'ಎರಡರಷ್ಟು' ಅನ್ನಿಸಬೇಕಾದರೆ ಲುಮೆನ್ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೇಕು. 800ಕ್ಕೂ 1,000ಕ್ಕೂ ಇರುವ ವ್ಯತ್ಯಾಸ ಅಕ್ಕಪಕ್ಕ ಇಟ್ಟು ನೋಡಿದರೂ ಸರಿಯಾಗಿ ಗೊತ್ತಾಗಲ್ಲ. ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ಕೆಲಸ ನೋಡಿ ಟಾರ್ಚ್ ಆರಿಸಿ

ಕರೆಂಟ್ ಹೋದಾಗ ಕೋಣೆಗೆ ಬೆಳಕು ಬೇಕಾದರೆ, ಹಿಂಭಾಗ ಚಪ್ಪಟೆಯಾಗಿದ್ದು ನೆಟ್ಟಗೆ ನಿಲ್ಲುವ ಟಾರ್ಚ್ ತಗೊಳ್ಳಿ. ಬಿಳಿ ಸೂರಿನ ಕಡೆ ಮುಖ ಮಾಡಿ ನಿಲ್ಲಿಸಿದರೆ 150-200 ಲುಮೆನ್‌ನಲ್ಲೇ ಇಡೀ ಕೋಣೆಗೆ ಮೆತ್ತಗಿನ ಬೆಳಕು ಹರಡುತ್ತದೆ. ಬಟನ್ ಹಿಂದೆ ಉಬ್ಬಿಕೊಂಡಿರುವ ಟಾರ್ಚ್ ನಿಲ್ಲುವುದಿಲ್ಲ, ಅದನ್ನು ಲೋಟದಲ್ಲಿ ಇಟ್ಟು ನಿಭಾಯಿಸಬಹುದು.

ಕೈಯಲ್ಲಿ ಹಿಡಿದು ನಡೆಯಲು ಬೇಕಾಗುವುದು 100ರಿಂದ 300 ಲುಮೆನ್. ಇಲ್ಲಿ ಬೆಳಕು ಅಗಲವಾಗಿ ಬೀಳಬೇಕು. ಕಾಲಡಿಯ ಗುಂಡಿಯೂ ಕಾಣಬೇಕು, ಹತ್ತಿಪ್ಪತ್ತು ಹೆಜ್ಜೆ ಮುಂದೆ ಇರುವ ನಾಯಿಯೂ ಕಾಣಬೇಕು. ನಡುವೆ ಒಂದು ಚುಕ್ಕೆ ಬಿಟ್ಟು ಸುತ್ತ ಏನೂ ಕಾಣದ ಟಾರ್ಚ್ ಹಿಡಿದು ನಡೆದರೆ ಎಡವುವುದು ಗ್ಯಾರಂಟಿ. ಮಂಜಿನಲ್ಲಿ ಟಾರ್ಚನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿಯಿರಿ. ಕಣ್ಣಿನ ಹತ್ತಿರ ಹಿಡಿದರೆ ಮಂಜಿನ ಹನಿಗೆ ಬಡಿದ ಬೆಳಕು ನೇರ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಗೋಡೆ ಎದ್ದಂತೆ ಕಾಣುತ್ತದೆ. ಹೆಡ್ ಟಾರ್ಚ್ ಕೂಡ ಮಂಜಿನಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ತೋಟ, ಹೊಲ, ದೊಡ್ಡ ಬಯಲು ನೋಡಬೇಕಾದರೆ ಲುಮೆನ್ ಬಿಟ್ಟು ಕ್ಯಾಂಡೆಲಾ ನೋಡಿ. ಲುಮೆನ್ ಅಂದರೆ ಒಟ್ಟು ಬೆಳಕು, ಕ್ಯಾಂಡೆಲಾ ಅಂದರೆ ಒಂದು ದಿಕ್ಕಿಗೆ ಅದು ಎಷ್ಟು ಒತ್ತಾಗಿ ಹೋಗುತ್ತದೆ ಅನ್ನುವುದು. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಡಬ್ಬಿ ಮೇಲಿನ 'ಮೀಟರ್' ಸಿಗುತ್ತದೆ. 2,500 ಕ್ಯಾಂಡೆಲಾಗೆ 100 ಮೀಟರ್, 10,000ಕ್ಕೆ 200 ಮೀಟರ್. ಆದರೆ ಆ ದೂರದಲ್ಲಿ ಬೀಳುವ ಬೆಳಕು ಬರೀ 0.25 ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳಕಿನಷ್ಟು. ಅಲ್ಲಿ ಏನೋ ಇದೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗಲ್ಲ. ಅರ್ಧ ದೂರಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಡಬ್ಬಿ ಮೇಲಿನ ದೂರದ ಅರ್ಧವನ್ನಷ್ಟೇ ನಂಬಿ. ಎಳೆದು ಜೂಮ್ ಮಾಡುವ ಟಾರ್ಚ್‌ಗಳು ನೋಡಲು ಮಜಾ, ಆದರೆ ಜೂಮ್ ಮಾಡಿದಾಗ ಬೆಳಕಿನ ದೊಡ್ಡ ಪಾಲು ಒಳಗೇ ಉಳಿದುಬಿಡುತ್ತದೆ. ಎಳೆಯುವ ಜಾಗದಲ್ಲಿ ನೀರು, ದೂಳು ನುಗ್ಗುವ ತೊಂದರೆ ಬೇರೆ. ದೂರಕ್ಕೆ ಆಳವಾದ, ನುಣುಪಾದ ರಿಫ್ಲೆಕ್ಟರ್ ಇರುವುದೇ ವಾಸಿ.

ರಿಪೇರಿ ಕೆಲಸಕ್ಕೆ ಹೆಡ್ ಟಾರ್ಚ್ ಬಿಟ್ಟು ಬೇರೆ ಯೋಚನೆ ಬೇಡ. ಎರಡೂ ಕೈ ಖಾಲಿ ಇರುತ್ತವೆ, ನೋಡಿದ ಕಡೆ ಬೆಳಕು. ಎಲ್ ಆಕಾರದ ಕೆಲವು ಟಾರ್ಚ್‌ಗಳು ಪಟ್ಟಿಯಿಂದ ಬಿಡಿಸಿದರೆ ಜೇಬಿನ ಟಾರ್ಚ್ ಆಗುತ್ತವೆ, ಹಿಂದೆ ಅಯಸ್ಕಾಂತ ಇದ್ದರೆ ಕಬ್ಬಿಣಕ್ಕೆ ಅಂಟಿಸಿಯೂ ಬಿಡಬಹುದು. ಒಂದೇ ಒಂದು ಟಾರ್ಚ್ ಕೊಳ್ಳಲು ದುಡ್ಡಿದೆ ಅಂದರೆ ನಾನು ಈ ಜಾತಿಯನ್ನೇ ಹೇಳುತ್ತೇನೆ.

ಇದೇ ಕೆಲಸದಲ್ಲಿ ಬಣ್ಣದ ವಿಷಯವೂ ಬರುತ್ತದೆ. ಬಿಳಿ ಎಲ್ಇಡಿ ಅಂದರೆ ಸಾಮಾನ್ಯವಾಗಿ ನೀಲಿ ಎಲ್ಇಡಿ ಮೇಲೆ ಹಳದಿ ರಾಸಾಯನಿಕ ಲೇಪಿಸಿದ್ದು. (ಆ ನೀಲಿ ಎಲ್ಇಡಿ ಮಾಡಿದ್ದಕ್ಕೇ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು.) ಅಗ್ಗದ ಎಲ್ಇಡಿಯಲ್ಲಿ ಕೆಂಪು ಬೆಳಕು ಕಡಿಮೆ, ನೀಲಿ ಜಾಸ್ತಿ. ಅದರಲ್ಲಿ ಕೆಂಪು ವೈರ್, ಕಂದು ವೈರ್ ಎರಡೂ ಒಂದೇ ತರಹ ಮಬ್ಬಾಗಿ ಕಾಣುತ್ತವೆ, ಗಾಯದ ಸುತ್ತ ಚರ್ಮ ಕೆಂಪಾಗಿದೆಯಾ ಅಂತಲೂ ಸರಿಯಾಗಿ ಗೊತ್ತಾಗಲ್ಲ. ಸಿಆರ್‌ಐ (ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕ) 90ಕ್ಕಿಂತ ಮೇಲೆ, ಬಣ್ಣದ ಉಷ್ಣತೆ (ಬೆಳಕು ಹಳದಿ ಕಡೆಗೋ ನೀಲಿ ಕಡೆಗೋ ಅನ್ನುವ ಅಳತೆ) 4,000-5,000 ಕೆಲ್ವಿನ್ ಅಂತ ಬರೆದಿರುವುದನ್ನು ಹುಡುಕಿ. ಲುಮೆನ್ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ ಬಿಡಿ.

ಕಾರಿನಲ್ಲಿ ಇಡುವ ಟಾರ್ಚ್‌ನ ಕಥೆಯೇ ಬೇರೆ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಕಾವು ಲಿಥಿಯಂ ಅಯಾನ್ ಸೆಲ್‌ಗೆ ಒಳ್ಳೆಯದಲ್ಲ. ಅಲ್ಲಿಗೆ ಎಎ ಟಾರ್ಚ್, ಜೊತೆಗೆ ರೀಚಾರ್ಜ್ ಆಗದ ಲಿಥಿಯಂ ಎಎ ಸೆಲ್ ಇಡಿ. ಬೆಲೆ ಜಾಸ್ತಿ, ಆದರೆ ಬಳಸದೆ ಇಟ್ಟರೂ ವರ್ಷಗಟ್ಟಲೆ ಕೆಡುವುದಿಲ್ಲ, ಆಲ್ಕಲೈನ್ ಹಾಗೆ ಸೋರುವ ಕಾಟವೂ ಇಲ್ಲ.

ವಯಸ್ಸಾದವರಿಗೆ, ಮಕ್ಕಳಿಗೆ ಕೊಡುವುದಾದರೆ ಒತ್ತಿದರೆ ಹತ್ತಬೇಕು, ಒತ್ತಿದರೆ ಆರಬೇಕು, ಅಷ್ಟೇ. ಎರಡು ಸಲ ಒತ್ತಿದರೆ ಒಂದು, ಮೂರು ಸಲ ಒತ್ತಿದರೆ ಇನ್ನೊಂದು ಅನ್ನುವುದು ಟಾರ್ಚ್ ಹುಚ್ಚು ಹಿಡಿದವರಿಗೆ ಮಾತ್ರ (ನಾನೂ ಅದೇ ಗುಂಪು). ಬೆಳಕು ಕಡಿಮೆ ಮಾಡಲು ಹೋದರೆ ನಡುವೆ ಪಟಪಟ ಮಿಂಚುವ ಸ್ಟ್ರೋಬ್, ಎಸ್‌ಒಎಸ್ (ಅಪಾಯದ ಸಂಕೇತ) ದಾಟಿಕೊಂಡೇ ಹೋಗಬೇಕಾದ ಟಾರ್ಚ್ ಯಾರಿಗೂ ಬೇಡ.

ನೀರಿನ ವಿಷಯ ಚಿಕ್ಕದು. ಐಪಿಎಕ್ಸ್4 ಅಂದರೆ ನೀರು ಚಿಮ್ಮಿದರೆ ತಡೆಯುತ್ತದೆ, ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಮಳೆಯಲ್ಲಿ ಓಡಾಡುವವರು ಎರಡನೆಯದನ್ನು ನೋಡಿ.

ಹೆಸರು ಹೇಳಿ ಅಂತ ಕೇಳುವವರಿಗೆ: 18650 ಸೆಲ್‌ನ ಗಟ್ಟಿಮುಟ್ಟು ಸಾದಾ ಟಾರ್ಚ್ ಬೇಕಾದರೆ ಕಾನ್ವಾಯ್ ಎಸ್2 ಪ್ಲಸ್. ಯುಎಸ್‌ಬಿ-ಸಿ ಚಾರ್ಜಿಂಗ್, ಅಯಸ್ಕಾಂತ, ಒಳ್ಳೆ ಬಣ್ಣ ಎಲ್ಲ ಒಂದರಲ್ಲೇ ಬೇಕಾದರೆ ವುರ್ಕೋಸ್ ಎಫ್‌ಸಿ11. ಎಎ, 14500 ಎರಡನ್ನೂ ತಗೊಳ್ಳುವ ಪುಟ್ಟದ್ದು ಬೇಕಾದರೆ ಸೋಫಿರ್ನ್ ಎಸ್‌ಪಿ10 ಪ್ರೊ. ಆದರೆ ಈ ಕೊನೆಯದರ ಬಟನ್ ಆಟ ಕಲಿಯಲು ಸ್ವಲ್ಪ ತಾಳ್ಮೆ ಬೇಕು, ಅಜ್ಜಿ ಕೈಗೆ ಕೊಡಬೇಡಿ.

ಕೈಗೆ ಬಂದ ದಿನವೇ ಪರೀಕ್ಷಿಸಿ

ಕಡಿಮೆ ಬೆಳಕಿನಲ್ಲಿ ಹಚ್ಚಿ, ಎದುರಿಗೆ ಬೆರಳು ಬಿಡಿಸಿ ಜೋರಾಗಿ ಬೀಸಿ. ಬೆರಳುಗಳು ಬಿಡಿಬಿಡಿಯಾಗಿ, ತುಂಡುತುಂಡಾಗಿ ಕಂಡರೆ ಬೆಳಕು ಬೇಗಬೇಗ ಹತ್ತಿ ಆರುತ್ತಿದೆ ಅಂತ ಅರ್ಥ. ಓದಲು, ಕೆಲಸ ಮಾಡಲು ಅದು ಕಿರಿಕಿರಿ. ಆಮೇಲೆ ಜೋರು ಬೆಳಕಿನಲ್ಲಿ ಐದು ನಿಮಿಷ ಇಟ್ಟು ಮುಟ್ಟಿ ನೋಡಿ. ಮೈ ಬಿಸಿಯಾದರೆ ಒಳ್ಳೆಯದೇ, ಎಲ್ಇಡಿಯ ಶಾಖ ಹೊರಗೆ ಬರುತ್ತಿದೆ ಅಂತ. ಆದರೆ ಹಿಡಿಯಲಾರದಷ್ಟು ಸುಟ್ಟರೂ ಬೆಳಕು ತಾನಾಗಿ ಇಳಿಯದಿದ್ದರೆ ಅಂಥದ್ದನ್ನು ವಾಪಸ್ ಕಳಿಸಿ.

ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ನೋಡಿ. ಹತ್ತದಿದ್ದರೆ ಒಳ್ಳೆಯದು, ಬ್ಯಾಗಿನಲ್ಲಿ ಇಡುವಾಗ ಹಾಗೇ ಸಡಿಲ ಬಿಟ್ಟರೆ ತಾನಾಗಿ ಹತ್ತಿಕೊಳ್ಳುವ ಭಯವಿಲ್ಲ. ಯುಎಸ್‌ಬಿ-ಸಿ ಇದ್ದರೆ ಎರಡೂ ತುದಿ ಸಿ ಇರುವ ಕೇಬಲ್‌ನಲ್ಲಿ ಚಾರ್ಜ್‌ಗೆ ಹಾಕಿ. ಅಗ್ಗದ ಟಾರ್ಚ್‌ಗಳಲ್ಲಿ ಪುಟ್ಟ ರೆಸಿಸ್ಟರ್ ಎರಡನ್ನು ಉಳಿಸಲು ಹೋಗಿ, ಹಳೇ ಚೌಕ ತುದಿಯ ಕೇಬಲ್‌ನಲ್ಲಿ ಮಾತ್ರ ಚಾರ್ಜ್ ಆಗುವಂತೆ ಮಾಡಿರುತ್ತಾರೆ. ಹಾಗಿದ್ದರೆ ಟಾರ್ಚ್ ಕೆಟ್ಟಿಲ್ಲ, ಅದರ ಜೊತೆ ಬಂದ ಕೇಬಲ್ಲನ್ನು ಕಳೆದುಕೊಳ್ಳದೆ ಅದೇ ಡಬ್ಬಿಯಲ್ಲಿ ಇಟ್ಟುಕೊಳ್ಳಿ.