ಯುದ್ಧದ ವಿಡಿಯೊ ಅಸಲಿಯೋ ಹಳೆಯದೋ: ಪರೀಕ್ಷಿಸುವ ಬಗೆ

2025ರ ಮೇ 8ರ ರಾತ್ರಿ, ಭಾರತ-ಪಾಕಿಸ್ತಾನ ಸಂಘರ್ಷದ ನಡುವೆ, ನಮ್ಮ ನೌಕಾಪಡೆ ಪಾಕಿಸ್ತಾನದ ಕರಾಚಿ ಬಂದರನ್ನು ಉಡಾಯಿಸಿತು ಎಂದು ಹಲವು ಟಿವಿ ಚಾನೆಲ್‌ಗಳು ಬ್ರೇಕಿಂಗ್ ಕೊಟ್ಟವು. ಅಂಥ ದಾಳಿ ನಡೆದೇ ಇರಲಿಲ್ಲ. ಕರಾಚಿಯದ್ದೆಂದು ಹರಿದಾಡಿದ ಒಂದು ವಿಡಿಯೊ, ಅದೇ ವರ್ಷದ ಜನವರಿ 31ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಿದ್ದ ವಿಮಾನದ್ದು. ಇಂಥದನ್ನು ಹಿಡಿಯಲು ಒಂದು ಮೊಬೈಲ್ ಸಾಕು.

ವಿಡಿಯೊ ನಿಲ್ಲಿಸಿ ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆಯಿರಿ. ಬರೀ ಬೆಂಕಿ, ಹೊಗೆ ಇರುವ ಫ್ರೇಮ್ ಬೇಡ. ಬೆಂಕಿ ಎಲ್ಲ ಊರಲ್ಲೂ ಒಂದೇ ಥರ. ಅಂಗಡಿ ಬೋರ್ಡು, ಕಟ್ಟಡ, ಗುಡ್ಡದ ಅಂಚು, ನಂಬರ್ ಪ್ಲೇಟ್ ಕಾಣುವಂಥದ್ದನ್ನು ಆರಿಸಿ. ಚಾನೆಲ್ ಲೋಗೊ, ಕೆಳಗಿನ ಸ್ಕ್ರೋಲ್ ಕ್ರಾಪ್ ಮಾಡಿ, ಇಲ್ಲದಿದ್ದರೆ ಸರ್ಚ್ ಆ ಬರಹದ ಬೆನ್ನು ಹತ್ತುತ್ತದೆ. ಮೊದಲು ಗೂಗಲ್ ಲೆನ್ಸ್‌ಗೆ ಆ ಚಿತ್ರ ಹಾಕಿ ಹುಡುಕಿ, ಸಿಗದಿದ್ದರೆ ಯಾಂಡೆಕ್ಸ್ ಎಂಬ ಸರ್ಚ್ ತಾಣದಲ್ಲಿ. ಅಲ್ಲೂ ಇಲ್ಲವೇ? ಚಿತ್ರವನ್ನು ಎಡ-ಬಲ ಮಗುಚಿ ಮತ್ತೆ ಹುಡುಕಿ; ಹಳೆ ವಿಡಿಯೊವನ್ನು ಹೀಗೆ ಮಗುಚಿ ಬಿಡುವುದು ಮಾಮೂಲಿ. ಬಂದ ಫಲಿತಾಂಶಗಳಲ್ಲಿ ಎಲ್ಲಕ್ಕಿಂತ ಹಳೆಯ ದಿನಾಂಕ ನೋಡಿ. ಘಟನೆಗಿಂತ ಒಂದೇ ದಿನ ಮುಂಚಿನದಾದರೂ ಅಲ್ಲಿಗೆ ಮುಗಿಯಿತು. ಏನೂ ಸಿಗದಿದ್ದರೆ ಅಸಲಿ ಅಂತ ಅರ್ಥವಲ್ಲ, ಪರೀಕ್ಷೆ ಬಾಕಿ ಇದೆ ಅಷ್ಟೇ.

ರಾತ್ರಿಯ ದೃಶ್ಯ, ಅಲುಗಾಡುವ ಕ್ಯಾಮೆರಾ, ಮಸುಕು ಚಿತ್ರ, ಸದ್ದಿಲ್ಲ, ನಡೆದಾಡುವ ಒಬ್ಬ ಮನುಷ್ಯನೂ ಇಲ್ಲ. ಇವೆಲ್ಲ ಒಟ್ಟಿಗಿದ್ದರೆ ಆರ್ಮಾ 3 ಎಂಬ ಯುದ್ಧದ ವಿಡಿಯೊ ಗೇಮಿನ ತುಣುಕಿರಬಹುದೆಂದು ಅನುಮಾನಿಸಿ. ಗೇಮ್ ತಯಾರಿಸಿದ ಬೊಹೀಮಿಯಾ ಇಂಟರ್ಯಾಕ್ಟಿವ್ ಕಂಪನಿಯೇ 2022ರಲ್ಲಿ ಈ ಗುರುತುಗಳನ್ನು ಪಟ್ಟಿ ಮಾಡಿತ್ತು.

ದೊಡ್ಡ ಬೆಂಕಿ ಎಂಬ ಸುದ್ದಿಗೆ ನಾಸಾದ ಫರ್ಮ್ಸ್ (FIRMS) ನಕ್ಷೆ ತೆರೆಯಿರಿ. ಉಪಗ್ರಹ ಕಂಡ ಬಿಸಿ ಜಾಗಗಳು ಸಾಮಾನ್ಯವಾಗಿ ಮೂರು ಗಂಟೆಯೊಳಗೆ ಅಲ್ಲಿ ಚುಕ್ಕೆಗಳಾಗಿ ಬರುತ್ತವೆ. ಮೋಡ ಕವಿದಿದ್ದರೆ, ಬೆಂಕಿ ಬೇಗ ಆರಿದ್ದರೆ ಕಾಣುವುದಿಲ್ಲ. ಹಾಗಾಗಿ ಚುಕ್ಕೆ ಇಲ್ಲದ್ದನ್ನೇ ಪುರಾವೆ ಮಾಡಬೇಡಿ.

ಇನ್ನು ಸುದ್ದಿಯ ಮಾತು. ಎಷ್ಟು ಚಾನೆಲ್ ಹೇಳಿದವು ಎಂದು ಎಣಿಸಬೇಡಿ, ಕಣ್ಣಾರೆ ಕಂಡವರು ಯಾರು ಎಂದು ಕೇಳಿ. ‘ಮೂಲಗಳ ಪ್ರಕಾರ’ ಎಂದು ಹತ್ತು ಕಡೆ ಬಂದರೂ ಮೂಲ ಒಂದೇ ಇರಬಹುದು. ಅಧಿಕೃತ ಖಾತೆ ಎಂದೂ ನೆಚ್ಚಿಕೊಳ್ಳುವಂತಿಲ್ಲ: ಕರಾಚಿ ಪೋರ್ಟ್ ಟ್ರಸ್ಟ್‌ನ ಎಕ್ಸ್ ಖಾತೆಯಲ್ಲೇ ಭಾರೀ ಹಾನಿಯಾಗಿದೆ ಎಂಬ ಪೋಸ್ಟ್ ಬಂತು, ಆಮೇಲೆ ಖಾತೆ ಹ್ಯಾಕ್ ಆಗಿತ್ತು ಎಂದರು. ಪಿಐಬಿ ಫ್ಯಾಕ್ಟ್ ಚೆಕ್ ನೋಡಿ, ಆದರೆ ಅದು ಸರ್ಕಾರದ ವಿಭಾಗ, ಯುದ್ಧದಲ್ಲಿ ಸರ್ಕಾರವೂ ಒಂದು ಕಕ್ಷಿ ಎಂಬುದು ನೆನಪಿರಲಿ. ‘ನಮ್ಮವರು ಗೆದ್ದರು’ ಎಂಬ ಸುದ್ದಿಯನ್ನು ಎರಡು ಪಟ್ಟು ಜಾಲಾಡಿ. ತಪ್ಪುವುದು ಹೆಚ್ಚಾಗಿ ಅಲ್ಲೇ.

ಹೆಸರು, ಮುಖ ಇರುವ ಪೋಸ್ಟ್‌ಗಂತೂ ಪೊಲೀಸರ ಹೇಳಿಕೆ ಬರುವ ತನಕ ಕೈ ಹಚ್ಚಬೇಡಿ. ಅದೇ ಮೇ ತಿಂಗಳಲ್ಲಿ ಜಮ್ಮು-ಕಾಶ್ಮೀರದ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ ದಾಳಿಗೆ ಸತ್ತ ಮದರಸಾ ಶಿಕ್ಷಕರೊಬ್ಬರನ್ನು ಕೆಲವು ಚಾನೆಲ್‌ಗಳು ಉಗ್ರ ಎಂದು ತೋರಿಸಿಬಿಟ್ಟವು. ಅದು ಸುಳ್ಳೆಂದು ಪೊಲೀಸರೇ ಹೇಳಬೇಕಾಯಿತು, ಮನೆಯವರು ಶೋಕದಲ್ಲಿದ್ದಾಗ.

ಸುಳ್ಳನ್ನು ಆಗಲೇ ಕಳಿಸಿದ್ದರೆ, ಸುಮಾರು ಎರಡು ದಿನದೊಳಗಾದರೆ ವಾಟ್ಸಾಪ್‌ನಲ್ಲಿ ಎಲ್ಲರಿಗೂ ಅಳಿಸಬಹುದು. ಅಳಿಸಿ ಸುಮ್ಮನಾದರೆ ನೋಡಿದವರ ತಲೆಯಲ್ಲಿ ಅದು ಹಾಗೇ ಉಳಿಯುತ್ತದೆ. ಅದೇ ಗುಂಪಿನಲ್ಲಿ ಒಂದು ಸಾಲು ಬರೆಯಿರಿ: ಏನು ತಪ್ಪು, ಅಸಲಿ ವಿಡಿಯೊ ಎಲ್ಲಿಯದು, ಯಾವತ್ತಿನದು, ಜೊತೆಗೆ ಲಿಂಕ್. ಸುಳ್ಳು ವಿಡಿಯೊವನ್ನು ಮತ್ತೆ ಲಗತ್ತಿಸಬೇಡಿ.