ಆಷಾಢದ ಗಾಳಿಗೆ ಕೆರೆಯಲ್ಲಿ ಗಾಳ: ಮೊಣಕಾಲು ನೀರೇ ಸಾಕು

ಹೊಸೂರು, ತಳಿ, ಡೆಂಕಣಿಕೋಟೆ ಸುತ್ತಿನ ಕೆರೆಗಳಿಗೆ ಹರವು ಜಾಸ್ತಿ, ಆಳ ಕಡಿಮೆ. ಆದರೂ ದಡದಲ್ಲಿ ನಿಂತವರು ಶಕ್ತಿಯೆಲ್ಲ ಹಾಕಿ ನಡುಗೆರೆಗೇ ಬೀಸುತ್ತಾರೆ. ಮೀನು ಅವರ ಕಾಲಬುಡದಲ್ಲಿ ಮೇಯುತ್ತಿರುತ್ತದೆ. ಗಾಳಿಗೆ ಅಲೆ ಬಂದು ಬಡಿಯುವ ದಡದಲ್ಲಿ ಕೆಸರು ಕದಡಿ ಹುಳುಗಳು ಮೇಲೇಳುತ್ತವೆ, ನೀರಿಗೆ ಆಮ್ಲಜನಕವೂ ಸೇರುತ್ತದೆ. ಜಿಲೇಬಿ (ತಿಲಾಪಿಯಾ), ಗೆಂಡೆ, ರೋಹು ಮೀನುಗಳು ಎರಡಡಿ ನೀರಿಗೂ ಬರುವುದು ಇದಕ್ಕೇ.

ಹಾಗಾಗಿ ಗಾಳಿ ಮುಖಕ್ಕೆ ಹೊಡೆಯುವ ಕಡೆ ನಿಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ, ಅಲೆ ಬಡಿಯುವುದು ಮೂಡಣ ದಡಕ್ಕೆ. ಹಿಂಗಾರಿನಲ್ಲಿ ಈಶಾನ್ಯದ ಗಾಳಿ, ಆಗ ನೈರುತ್ಯದ ಮೂಲೆ ಹುಡುಕಿ. ಆ ದಿಕ್ಕಿನಲ್ಲಿ ಏರಿ ಇದ್ದರೆ ಅಲ್ಲಿ ಇಳಿಯಬೇಡಿ. ಏರಿಯ ಬುಡದಲ್ಲಿ, ತೂಬಿನ ಹತ್ತಿರ, ನೀರು ಒಮ್ಮೆಗೇ ಆಳವಾಗುತ್ತದೆ. ಏರಿ ಮುಗಿದು ಕೆರೆ ಅಂಗಳ ಇಳಿಜಾರಾಗುವ ಅಂಚೇ ಸರಿ. ಮೀನಿಗೆ ಗುತ್ತಿಗೆ ಆಗಿರುವ ಕೆರೆಯಾದರೆ ಗುತ್ತಿಗೆದಾರರನ್ನು ಮೊದಲೇ ಕೇಳಿಬಿಡಿ.

ನೀರಿಗಿಳಿಯುವಾಗ ಬಿದಿರಿನ ಕೋಲು ಮುಂದೆ ಊರಿ ನೆಲ ಸಿಕ್ಕ ಮೇಲೆ ಹೆಜ್ಜೆ. ಕಾಲು ಎತ್ತದೆ ನೆಲಕ್ಕೆ ಸವರಿಕೊಂಡು ಸಾಗಿ. ಮಣ್ಣು ತೆಗೆದ ಗುಂಡಿಗಳು ಕೆರೆ ತುಂಬಿದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯಲ್ಲೇ ಒಮ್ಮೆ ಬಂದು ಅಂಗಳ ನೋಡಿಟ್ಟುಕೊಂಡರೆ ಅರ್ಧ ಅಪಾಯ ಕಳೆಯಿತು. ಗಂಬೂಟು ಬೇಡ, ಹೂಳಿನಲ್ಲಿ ಕಚ್ಚಿಕೊಂಡು ನೀರು ತುಂಬುತ್ತದೆ. ಲೇಸು ಬಿಗಿದ ಹಳೆಯ ಕ್ಯಾನ್ವಾಸ್ ಶೂ ಒಳ್ಳೆಯದು. ಕಾಲಲ್ಲಿ ಗಾಯವಿದ್ದರೆ ಇಳಿಯಲೇಬೇಡಿ, ಇಲಿಜ್ವರದ ಭಯ. ಪಂಪ್‌ಸೆಟ್ಟಿನ ವೈರು ನೀರಿಗಿಳಿದ ಜಾಗದಿಂದ ದೂರವಿರಿ. ಗುಡುಗು ಕೇಳಿದರೆ ದಡಕ್ಕೆ ಬನ್ನಿ. ನೀರು ಮೊಣಕಾಲು ದಾಟಿದರೆ ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಮುಂದೆ ಹೋದರೆ ಹಿಡಿಯಬೇಕಾದ ಮೀನನ್ನು ತುಳಿದು ಓಡಿಸಿದಂತೆ.

ಎಂಟು-ಒಂಬತ್ತು ಅಡಿಯ ರಾಡು, 0.30 ಮಿ.ಮೀ. ನೈಲಾನ್ ದಾರ ಸಾಕು. ದಾರಕ್ಕೆ 15 ಗ್ರಾಮಿನ ತೂತುಳ್ಳ ಸೀಸ, ಅದರ ಕೆಳಗೆ ಒಂದು ಮಣಿ, ಆಮೇಲೆ ಸ್ವಿವೆಲ್ (ದಾರ ತಿರುಚಿಕೊಳ್ಳದಂತೆ ತಿರುಗುವ ಸಣ್ಣ ಕೊಂಡಿ). ಸ್ವಿವೆಲ್‌ನಿಂದ ಅರ್ಧ ಮೀಟರ್ ತೆಳು ದಾರ, ತುದಿಗೆ 8ನೇ ನಂಬರಿನ ಕೊಕ್ಕೆ. ಸೀಸ ದಾರದ ಮೇಲೆ ಸಲೀಸಾಗಿ ಜಾರಬೇಕು. ಜಾರದಿದ್ದರೆ ಮೀನಿಗೆ ಭಾರ ತಿಳಿದು ಉಗುಳಿಬಿಡುತ್ತದೆ. ನಮ್ಮ ಕೆರೆಗಳಲ್ಲಿ ದೊಡ್ಡ ತೊಂದರೆ ಹೂಳು: ಸೀಸದ ಜೊತೆ ಎರೆಯೂ ಹೂತುಹೋಗಿ ಗಂಟೆಗಟ್ಟಲೆ ಏನೂ ಕಚ್ಚುವುದಿಲ್ಲ. ಗುಂಡು ಸೀಸದ ಬದಲು ಚಪ್ಪಟೆಯದು ಹಾಕಿ, ಕೊಕ್ಕೆಯಿಂದ ಎರಡು ಬೆರಳು ಮೇಲೆ ಕಡಲೆಕಾಳಿನಷ್ಟು ಥರ್ಮೋಕೋಲ್ ಪೋಣಿಸಿ. ಎರೆ ಹೂಳಿನ ಮೇಲೆ ತೇಲಿದಂತೆ ನಿಲ್ಲುತ್ತದೆ.

ಎರೆಗೆ ಕಡಲೆಕಾಯಿ ಹಿಂಡಿಯ ಪುಡಿ 200 ಗ್ರಾಂ, ರಾಗಿಹಿಟ್ಟು 100, ಮೈದಾ 50. ಚೂರು ಚೂರೇ ನೀರು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಬಟ್ಟೆಯಲ್ಲಿ ಕಟ್ಟಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಮುದ್ದೆಯ ಹಾಗೆ ನಾದಿ. ಹೊರಡುವ ಮೊದಲು ಒಂದು ಉಂಡೆಯನ್ನು ಕೊಕ್ಕೆಗೆ ಸಿಕ್ಕಿಸಿ ಚೊಂಬು ನೀರಿನಲ್ಲಿ ಇಳಿಬಿಡಿ. ಐದು ನಿಮಿಷಕ್ಕೆ ಅಂಚು ಕರಗಿ ನೀರು ಮಸುಕಾಗಬೇಕು, ಕಾಲು ಗಂಟೆಯಾದರೂ ನಡುವಿನ ತಿರುಳು ಕೊಕ್ಕೆ ಬಿಡಬಾರದು. ಬೇಗ ಕರಗಿದರೆ ಮೈದಾ ಸೇರಿಸಿ, ಕಲ್ಲಿನಂತೆ ಕೂತರೆ ಹಿಂಡಿಯ ಪುಡಿ ಸೇರಿಸಿ. ಪಕ್ಕೆ ಎಂಬ ಸಣ್ಣ ಮೀನುಗಳ ಕಾಟವಿಲ್ಲದಿದ್ದರೆ ಎರೆಹುಳು ಇದಕ್ಕಿಂತ ಮೇಲು.

ಬೀಸುವಾಗ ಎದುರಿಗೆ ಬೇಡ, ದಡಕ್ಕೆ ಸಮನಾಗಿ ಹತ್ತು-ಹದಿನೈದು ಮೀಟರ್, ಕದಡು ನೀರು ತಿಳಿನೀರಿಗೆ ಸೇರುವ ಗೆರೆಯ ಮೇಲೆ. ಎದುರು ಗಾಳಿಗೆ ದಾರ ಹೊಟ್ಟೆ ಬಿಟ್ಟುಕೊಂಡು ಸುತ್ತಿಕೊಳ್ಳುತ್ತದೆ, ಅಡ್ಡಕ್ಕೆ ತಗ್ಗಾಗಿ ಬೀಸಿದರೆ ಆ ರಗಳೆ ಕಡಿಮೆ. ಎರೆ ನೆಲ ಮುಟ್ಟಿದ ಮೇಲೆ ರಾಡಿನ ತುದಿ ಎತ್ತಿ ಹಿಡಿಯಿರಿ, ಅಲೆ ದಾರವನ್ನು ಎಳೆಯದಿರಲಿ. ಅಲೆಯ ಜಗ್ಗು ಲಯದಲ್ಲಿ ಬರುತ್ತದೆ. ಜಿಲೇಬಿ ಟಕ್ ಟಕ್ ಎಂದು ಎರಡು ಸಲ ಕುಟುಕಿ ಎಳೆಯುತ್ತದೆ. ಎಳೆತಕ್ಕೆ ಕಾಯಿರಿ, ಕುಟುಕಿಗಲ್ಲ. ಗೆಂಡೆ ಹಿಡಿದರೆ ದಾರ ಒಮ್ಮೆಲೇ ಸಡಿಲವಾಗುವುದೂ ಉಂಟು.

ಚೇಳುಮೀನು ಬಿದ್ದರೆ ಬರಿಗೈ ಹಾಕಬೇಡಿ, ಪಕ್ಕದ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ತಾಳುವಷ್ಟು ಬಿಸಿ ನೀರಿನಲ್ಲಿ ಕೈ ಅದ್ದಿಟ್ಟರೆ ನೋವು ತಗ್ಗುತ್ತದೆ, ಊತ ಏರಿದರೆ ಡಾಕ್ಟರ ಹತ್ತಿರ ಹೋಗಿ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮರಳಿ ಕೆರೆಗೆ ಬಿಡಬೇಡಿ. ಜೊಂಡಿನ ಅಂಚಿನಲ್ಲಿ ಕೆಂಪು ಮರಿಗಳು ಗುಂಪಾಗಿ ಮೇಲೆದ್ದು ಮುಳುಗುತ್ತಿದ್ದರೆ ಕೆಳಗೆ ಕಾವಲಿಗೆ ಕೊರಮೀನು ಇದೆ ಎಂದೇ ಅರ್ಥ. ಅದು ಕೆಣಕಿದರೆ ಥಟ್ಟನೆ ಕಚ್ಚುತ್ತದೆ, ಹಿಡಿಯುವುದು ಸುಲಭ. ಹಿಡಿದರೆ ಆ ಮರಿಗಳನ್ನು ಮಿಕ್ಕ ಮೀನುಗಳು ಬೇಗನೇ ತಿಂದು ಮುಗಿಸುತ್ತವೆ. ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ ಹೋಗಿ ಬೀಸಿ.