ಚರ್ಮ ಹರಿಯದಂತೆ ಬಾತುಕೋಳಿ ಶುಚಿ ಮಾಡುವುದು

ಬಾತುಕೋಳಿಯನ್ನು ತುಂಡು ಮಾಡಿ ಸಾರಿಗೆ ಹಾಕುವುದಾದರೆ ಚರ್ಮ ಸುಲಿದರೂ ನಡೆಯುತ್ತದೆ. ಇಡಿಯಾಗಿ ಬೇಯಿಸುವುದಾದರೆ ನಡೆಯುವುದಿಲ್ಲ. ಅದರ ಕೊಬ್ಬು ಬಹುಪಾಲು ಚರ್ಮಕ್ಕೇ ಅಂಟಿಕೊಂಡಿರುತ್ತದೆ. ಚರ್ಮ ಹೋದರೆ ಎದೆಮಾಂಸ ಓವನ್ನಿನಲ್ಲಿ ಕಟ್ಟಿಗೆಯಾಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಮೊದಲೇ ಬಾಯಿಬಿಟ್ಟು ಹೇಳಿ: "ಅಣ್ಣಾ, ಸ್ಕಿನ್ ತೆಗೀಬೇಡಿ, ಮಷೀನಿಗೂ ಹಾಕ್ಬೇಡಿ. ಕೊಯ್ದು, ರಕ್ತ ಪೂರ್ತಿ ಬಸಿದು ಹಂಗೇ ಕೊಡಿ." ಪುಕ್ಕ ಕೀಳುವ, ರಬ್ಬರ್ ಬೆರಳುಗಳಿರುವ ಆ ಡ್ರಮ್ಮು ಬ್ರಾಯ್ಲರ್ ಕೋಳಿಗೆ ಸರಿ. ಬಾತಿನ ಪುಕ್ಕ ಒತ್ತಾಗಿ, ಎಣ್ಣೆ ಹಿಡಿದು ಕೂತಿರುತ್ತದೆ. ಡ್ರಮ್ಮಿಗೆ ಹಾಕಿದರೆ ಮೇಲಿನ ಪುಕ್ಕ ಹೋಗಿ ಒಳಗಿನ ಹತ್ತಿಯಂಥದ್ದು ಉಳಿಯುತ್ತದೆ, ತೊಡೆಯ ಹತ್ತಿರ ಚರ್ಮವೂ ಕಿತ್ತುಬರುತ್ತದೆ.

ಇಲ್ಲಿ ಹೇಳುವುದೆಲ್ಲ ಸಾಕಿದ ಬಾತಿನ ವಿಷಯ. ಬೆಂಗಳೂರಿನ ಹೆಬ್ಬಾಳ, ಜಕ್ಕೂರು ಕೆರೆಗಳಲ್ಲಿ ತೇಲುವ ಕಾಡುಬಾತುಗಳನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಯಾರಾದರೂ ಮಾರಲು ಬಂದರೂ ಬೇಡ.

ಅರ್ಧ ಕೆಲಸ ಹಕ್ಕಿ ಆರಿಸುವಾಗಲೇ ಮುಗಿದಿರುತ್ತದೆ. ಡಿಸೆಂಬರಿನಲ್ಲಿ ರಸೆಲ್ ಮಾರ್ಕೆಟ್ಟಿನ ಕಡೆ ಬಾತು ಸುಲಭವಾಗಿ ಸಿಗುವಾಗ ಜನ ತೂಕ ನೋಡುತ್ತಾರೆ, ಪುಕ್ಕ ನೋಡುವುದಿಲ್ಲ. ಎದೆಯ ಪುಕ್ಕವನ್ನು ಬೆರಳಿನಿಂದ ಹಿಮ್ಮುಖವಾಗಿ ಸವರಿ, ಬಾಯಿಂದ ಊದಿ ನೋಡಿ. ಚರ್ಮ ನುಣ್ಣಗೆ ಕಂಡರೆ ತೆಗೆದುಕೊಳ್ಳಿ. ನೀಲಿ-ಕಪ್ಪು ಚುಕ್ಕೆಗಳು, ಮುಳ್ಳಿನಂಥ ಮೊಳಕೆಗಳು ಕಂಡರೆ ಅದು ಪುಕ್ಕ ಬದಲಿಸುತ್ತಿರುವ ಹಕ್ಕಿ. ಅದನ್ನು ತಂದರೆ ಸಂಜೆಯೆಲ್ಲ ಚಿಮುಟ ಹಿಡಿದು ಕೂರಬೇಕು, ಆಮೇಲೂ ಚರ್ಮ ಕಲೆಕಲೆ. ಬಣ್ಣದ ಬಾತಿಗಿಂತ ಬಿಳಿಯದು ವಾಸಿ, ಉಳಿದ ಮೊಳಕೆ ಕಣ್ಣಿಗೆ ರಾಚುವುದಿಲ್ಲ. ತೂಕಡಿಸುತ್ತ ಕೂತ, ಮೂಗು ಸೋರುವ ಹಕ್ಕಿ ಬೇಡವೇ ಬೇಡ. ಹಕ್ಕಿಜ್ವರದ ಸುದ್ದಿ ಇದ್ದಾಗಂತೂ ಜೀವಂತ ಹಕ್ಕಿಯ ತಂಟೆಗೇ ಹೋಗಬೇಡಿ. 2 ಕೆಜಿ ಜೀವತೂಕದ ಬಾತು ಶುಚಿಯಾದ ಮೇಲೆ ಸುಮಾರು 1.3 ಕೆಜಿ ನಿಲ್ಲುತ್ತದೆ, ನಾಲ್ಕು ಜನಕ್ಕೆ ಸಾಕು.

ಕೊಯ್ದ ಹಕ್ಕಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಸಬೇಡಿ. ಮೈಬಿಸಿಗೆ ಒಳಗೇ ಬೆವೆತು ವಾಸನೆ ಹಿಡಿಯುತ್ತದೆ. ಪೇಪರಿನಲ್ಲಿ ಸುತ್ತಿ ಬಟ್ಟೆಚೀಲಕ್ಕೆ ಹಾಕಿ, ಮೈ ಇನ್ನೂ ಬೆಚ್ಚಗಿರುವಾಗಲೇ ಕೆಲಸ ಶುರುಮಾಡಿ. ತಣ್ಣಗಾದರೆ ಪುಕ್ಕ ಬಿಗಿಯಾಗುತ್ತದೆ.

ಮೊದಲು ನೀರಿಲ್ಲದೆ ಕೈಯಿಂದ ಎಷ್ಟು ಬರುತ್ತದೋ ಅಷ್ಟು ತರಿಯಿರಿ. ಫ್ಯಾನ್ ಆರಿಸಿ, ಮರೆತರೆ ವಾರವಿಡೀ ಮನೆಯಲ್ಲಿ ಪುಕ್ಕ ಹಾರುತ್ತಿರುತ್ತದೆ. ರೆಕ್ಕೆಯ ಉದ್ದ ಗರಿಗಳನ್ನು ಒಂದೊಂದಾಗಿ, ಬೇಕಾದರೆ ಕಟಿಂಗ್ ಪ್ಲೇಯರಿನಿಂದ, ಬೆಳೆದ ದಿಕ್ಕಿಗೇ ಎಳೆಯಿರಿ. ರೆಕ್ಕೆಯ ತುದಿಕೀಲಿನಲ್ಲಿ ಮಾಂಸವಿಲ್ಲ, ಅದನ್ನು ಕತ್ತರಿಸಿ ಬಿಸಾಡಿದರೆ ಅರ್ಧ ಗಂಟೆ ಉಳಿಯುತ್ತದೆ.

ಆಮೇಲೆ ಬಿಸಿನೀರು. ಇಲ್ಲೇ ಹೆಚ್ಚಿನವರು ಕೆಡಿಸುವುದು. ಕೊತಕೊತ ಕುದಿಯುವ ನೀರಿಗೆ ಮುಳುಗಿಸಿದರೆ ಚರ್ಮ ಬೆಂದು, ಕೊಬ್ಬು ಕರಗಿ, ಪುಕ್ಕ ಎಳೆದಾಗ ಚರ್ಮವೂ ಜೊತೆಗೆ ಬರುತ್ತದೆ. ಬೇಕಾದದ್ದು 62ರಿಂದ 65 ಡಿಗ್ರಿ. ಥರ್ಮಾಮೀಟರ್ ಇಲ್ಲವೆಂದರೆ ಲೆಕ್ಕ ಸುಲಭ: ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವುದರಿಂದ ನೀರು ಇಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುವ ನೀರು 10 ಲೀಟರಿಗೆ ನಲ್ಲಿ ನೀರು 8 ಲೀಟರ್ ಬೆರೆಸಿದರೆ 64ರ ಹತ್ತಿರ ಬಂದು ನಿಲ್ಲುತ್ತದೆ. ಚಳಿಗಾಲದ ಬೆಳಿಗ್ಗೆ ನಲ್ಲಿ ನೀರು ಕೊರೆಯುತ್ತಿದ್ದರೆ ತಣ್ಣೀರನ್ನು ಒಂದು ಚೊಂಬು ಕಡಿಮೆ ಮಾಡಿ. ಈ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಅದಿಲ್ಲದಿದ್ದರೆ ಪುಕ್ಕದ ಎಣ್ಣೆ ನೀರನ್ನು ಬುಡಕ್ಕೆ ಬಿಡುವುದೇ ಇಲ್ಲ: ಹೊರಗೆ ಒದ್ದೆ, ಒಳಗೆ ಒಣ.

ಕಾಲು ಹಿಡಿದು ತಲೆ ಕೆಳಗಾಗಿ ಮುಳುಗಿಸಿ, ಮೇಲೆ ಕೆಳಗೆ ಆಡಿಸಿ. ಪುಕ್ಕದಲ್ಲಿ ಗಾಳಿ ಇರುವುದರಿಂದ ಎದೆ ತೇಲುತ್ತದೆ, ಮುದ್ದೆ ಕೋಲಿನಿಂದ ಒತ್ತಿಹಿಡಿಯಿರಿ. ಎರಡೂವರೆ ನಿಮಿಷ ಕಳೆದ ಮೇಲೆ ಬಾಲದ ಒಂದು ಗರಿ ಎಳೆದು ನೋಡಿ. ಜಾರಿಬಂದರೆ ತೆಗೆಯಿರಿ, ಇಲ್ಲದಿದ್ದರೆ ಇನ್ನರ್ಧ ನಿಮಿಷ. ತಕ್ಷಣ ಹಳೆಯ ಟವೆಲ್ಲಿನಲ್ಲೋ ಗೋಣಿಚೀಲದಲ್ಲೋ ಬಿಗಿಯಾಗಿ ಸುತ್ತಿ 3 ನಿಮಿಷ ಇಡಿ. ಒಳಗೆ ನಿಂತ ಹಬೆ ಹತ್ತಿಪುಕ್ಕವನ್ನು ಸಡಿಲಿಸುತ್ತದೆ. ಈ ಸುತ್ತಿಡುವ ಕೆಲಸ ಬಿಟ್ಟವರೇ ಆಮೇಲೆ ಮೇಣ ಎಲ್ಲಿ ಸಿಗುತ್ತದೆ ಎಂದು ಹುಡುಕುವುದು.

ಕೀಳುವಾಗ ಎಡಗೈ ಹೆಬ್ಬೆರಳಿನಿಂದ ಚರ್ಮ ಬಿಗಿಯಾಗಿ ಒತ್ತಿಹಿಡಿದು ಬಲಗೈಯಲ್ಲಿ ಸ್ವಲ್ಪಸ್ವಲ್ಪವೇ ಎಳೆಯಿರಿ. ಹಿಡಿ ತುಂಬ ಎಳೆದರೆ ಹರಿಯುವುದು ಖಂಡಿತ. ಎದೆಯ ಮೇಲ್ಭಾಗ, ತೊಡೆಸಂದು, ಕುತ್ತಿಗೆಯ ಬುಡ, ಈ ಮೂರು ಕಡೆ ಚರ್ಮ ತೆಳು. ಹತ್ತಿಪುಕ್ಕವನ್ನು ಒದ್ದೆ ಹೆಬ್ಬೆರಳಿನಿಂದ ಉಜ್ಜಿದರೆ ಉಂಡೆಯಾಗಿ ಬರುತ್ತದೆ. ಮೊಳಕೆಗಳಿಗೆ ಮೊಂಡು ಚಾಕುವಿನ ಅಲಗು ಮತ್ತು ಹೆಬ್ಬೆರಳಿನ ನಡುವೆ ಹಿಡಿದು ಎಳೆಯುವುದು ಚಿಮುಟಕ್ಕಿಂತ ವೇಗ. ಕಪ್ಪು ಮೊಳಕೆ ಹಿಸುಕಿದರೆ ಶಾಯಿಯಂಥ ನೀರು ಬರುತ್ತದೆ. ಕೊಳೆಯಲ್ಲ, ಒರೆಸಿದರೆ ಹೋಗುತ್ತದೆ.

ಮೂರ್ನಾಲ್ಕು ಹಕ್ಕಿ ಇದ್ದರೆ ಮಾತ್ರ ಮೇಣದ ದಾರಿ. ಆಹಾರಕ್ಕೆ ಬಳಸುವ ಪ್ಯಾರಾಫಿನ್ ಅರ್ಧ ಕೆಜಿಯನ್ನು ಬಿಸಿನೀರಿನ ಮೇಲೆ ತೇಲಿಸಿ ಕರಗಿಸಿ. ನೇರ ಉರಿಯಲ್ಲಿ ಮೇಣ ಮಾತ್ರ ಕಾಯಿಸಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ನೀರು ಒರೆಸಿದ ಹಕ್ಕಿಯನ್ನು ಅದ್ದಿ, ತಣ್ಣೀರಿಗೆ ಹಾಕಿ, ಮತ್ತೆ ಅದ್ದಿ. ಮೇಣ ಗಟ್ಟಿಯಾದ ಮೇಲೆ ಹಾಳೆಯಂತೆ ಸುಲಿದರೆ ಮೊಳಕೆಗಳೂ ಜೊತೆಗೆ ಬರುತ್ತವೆ. ಬಣ್ಣದ, ಸುವಾಸನೆಯ ಮೇಣದಬತ್ತಿ ಬಳಸಬೇಡಿ.

ಉಳಿದ ಕೂದಲಿಗೆ ಊರಲ್ಲಾದರೆ ಹುಲ್ಲಿನ ಬೆಂಕಿ, ಫ್ಲ್ಯಾಟಿನಲ್ಲಾದರೆ ಗ್ಯಾಸಿನ ದೊಡ್ಡ ಬರ್ನರ್. ಒಂದೇ ಜಾಗದಲ್ಲಿ ನಿಲ್ಲಿಸದೆ ಸರಸರ ಆಡಿಸಿ. ಕೊಬ್ಬು ಬಿಸಿಯಾಗಿ ತೊಟ್ಟಿಕ್ಕಿದರೆ ಉರಿ ಎದ್ದು ಚರ್ಮ ಕಮರುತ್ತದೆ. ಬಳಿಕ ಅರಿಶಿನ, ಒಂದು ಹಿಡಿ ಅಕ್ಕಿಹಿಟ್ಟು ಹಚ್ಚಿ ಉಜ್ಜಿ ತೊಳೆದರೆ ಸುಟ್ಟ ಕರಿ ಹೋಗುತ್ತದೆ. ಸಿಂಕಿನ ಜಾಲರಿ ತೆಗೆಯಬೇಡಿ, ಒದ್ದೆ ಪುಕ್ಕ ಪೈಪು ಕಟ್ಟಿಸುತ್ತದೆ.

ಈಗ ಬಾಲದ ಮೇಲಿನ ಎಣ್ಣೆಗಂಟು. ಬಾಲ ಬೆನ್ನಿಗೆ ಸೇರುವ ಕಡೆ ಮೊಲೆತೊಟ್ಟಿನಂಥ ಒಂದು ತುದಿ, ಅದರ ಕೆಳಗೆ ಅಕ್ಕಪಕ್ಕ ಎರಡು ಹಳದಿ ಗಂಟು. ಬಾತಿನಲ್ಲಿ ಇದು ಕೋಳಿಗಿಂತ ದೊಡ್ಡದು, "ಬಾತು ನಾರುತ್ತೆ" ಅನ್ನುವವರು ಬಹುಶಃ ಇದನ್ನು ತೆಗೆಯದೆ ಬೇಯಿಸಿದವರು. ತುದಿಯಿಂದ ಒಂದೂವರೆ ಅಂಗುಲ ಮೇಲೆ ಚಾಕು ಇಟ್ಟು, ಬೆನ್ನೆಲುಬು ತಗಲುವವರೆಗೆ ಇಳಿಸಿ, ಬಾಲದ ಕಡೆಗೆ ಚಮಚದಂತೆ ಬಗೆದು ತೆಗೆಯಿರಿ. ಹಳದಿ ಉಳಿದಿದ್ದರೆ ಇನ್ನೊಮ್ಮೆ ಕೆರೆಯಿರಿ, ಚಾಕು ತೊಳೆಯಿರಿ.

ಒಳಗು ತೆಗೆಯಲು ಕುತ್ತಿಗೆಯಿಂದ ಶುರು. ಕುತ್ತಿಗೆಯ ಚರ್ಮವನ್ನು ಬೆನ್ನಿನ ಕಡೆ ಸೀಳಿ, ಆಹಾರನಾಳ, ಗಾಳಿನಾಳ ಎರಡನ್ನೂ ಬೆರಳಿನಿಂದ ಬಿಡಿಸಿ. ಇಲ್ಲಿ ಬಿಡಿಸದಿದ್ದರೆ ಕೆಳಗಿನಿಂದ ಎಳೆದಾಗ ನಡುವೆ ತುಂಡಾಗುತ್ತವೆ. ಕುತ್ತಿಗೆ ಮೂಳೆ ಕತ್ತರಿಸಿ, ಚರ್ಮ ಉದ್ದವಾಗಿಯೇ ಬಿಡಿ, ಹೊಟ್ಟೆಗೆ ಮಸಾಲೆ ತುಂಬಿದ ಮೇಲೆ ಮಡಚಿ ಮುಚ್ಚಲು ಬೇಕು. ಹಿಂಬದಿಯಲ್ಲಿ ಮಲದ್ವಾರದ ಮೇಲೆ ಎರಡು ಅಂಗುಲ ಅಡ್ಡಗೀರು, ಚರ್ಮವಷ್ಟೇ ಕುಯ್ಯುವಂತೆ. ಚಾಕು ಆಳಕ್ಕಿಳಿದರೆ ಕರುಳು ಒಡೆದು ಎಲ್ಲ ಹಾಳು. ಕೈ ಒಳಗೆ ಹಾಕಿ, ಬೆರಳುಗಳನ್ನು ಎದೆಗೂಡಿಗೆ ತಾಗಿಸಿಕೊಂಡೇ ಮುಂದೆ ಹೋಗಿ, ಗಟ್ಟಿಯಾದ ಗಿಜರ್ಡ್ (ಹಕ್ಕಿ ತಿಂದದ್ದನ್ನು ಅರೆಯುವ ಚೀಲ) ಸಿಕ್ಕಾಗ ಹಿಡಿದು ನಿಧಾನಕ್ಕೆ ಎಳೆಯಿರಿ. ಅದರ ಹಿಂದೆ ಉಳಿದದ್ದೆಲ್ಲ ಬರುತ್ತದೆ. ಮಲದ್ವಾರದ ಸುತ್ತ ಕುಯ್ದು ಕರುಳಿನ ಜೊತೆಗೇ ಬಿಡಿಸಿ.

ಲಿವರಿಗೆ ಅಂಟಿದ ಹಸಿರು ಪಿತ್ತಚೀಲವನ್ನು ಮುಟ್ಟದೆ, ಸುತ್ತಲಿನ ಲಿವರ್ ಚೂರಿನ ಸಮೇತ ಕತ್ತರಿಸಿ ಎಸೆಯಿರಿ. ಒಡೆದರೆ ಹಸಿರು ತಾಗಿದ ಮಾಂಸವನ್ನು ಕೊಯ್ದೇ ತೆಗೆಯಬೇಕು, ತೊಳೆದರೆ ಕಹಿ ಹೋಗುವುದಿಲ್ಲ. ಪಕ್ಕೆಲುಬುಗಳ ನಡುವೆ ಹುದುಗಿದ ಗುಲಾಬಿ ಶ್ವಾಸಕೋಶವನ್ನು ಚಮಚದಿಂದ ಕೆರೆಯಿರಿ. ಗಿಜರ್ಡ್ ಸೀಳಿ ಮರಳು ತೊಳೆದು ಒಳಪದರ ತೆಗೆಯಿರಿ. ಕೋಳಿಯದರಂತೆ ಸುಲಭಕ್ಕೆ ಸುಲಿಯುವುದಿಲ್ಲ, ಚಾಕುವಿನಿಂದ ಹೆರೆಯಬೇಕು.

ನಲ್ಲಿ ಸಣ್ಣಗೆ ಬಿಟ್ಟು, ನೀರು ಎರಚದಂತೆ ಒಳಗೆ ಒಮ್ಮೆ ತೊಳೆದು, ಬಟ್ಟೆಯಿಂದ ಒಳಹೊರಗು ಒರೆಸಿ. ಕೆಜಿಗೆ 12 ಗ್ರಾಂ ಉಪ್ಪು ಸವರಿ, ಫ್ರಿಜ್ಜಿನ ಕೆಳಹಲಗೆಯಲ್ಲಿ ತಟ್ಟೆಯ ಮೇಲೆ ಮುಚ್ಚದೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಚರ್ಮ ಮುಟ್ಟಿದರೆ ಕಾಗದದಂತೆ ಒಣಗಿರಬೇಕು. ಅಂಟುತ್ತಿದ್ದರೆ ಇನ್ನರ್ಧ ದಿನ ಬಿಡಿ. ಹಿಂಬದಿಯ ಗೀರಿನ ಒಳಗಡೆ ಎರಡು ಹಳದಿ ಕೊಬ್ಬಿನ ತುಂಡು ಇರುತ್ತವೆ, ಕಿತ್ತಿಡಿ. ಅರ್ಧ ಲೋಟ ನೀರಿನೊಂದಿಗೆ ಸಣ್ಣ ಉರಿಯಲ್ಲಿ ಕರಗಿಸಿ ಸೋಸಿದರೆ ಆಲೂಗಡ್ಡೆ ಹುರಿಯಲು ಅದಕ್ಕಿಂತ ಒಳ್ಳೆಯ ಎಣ್ಣೆ ಇಲ್ಲ.